ನಲವತ್ತೇಳನೇ ಗಿಡಕ್ಕೆ ಎರಡು ಲೀಟರ್ ನೀರು

ಎರಡು ಲೀಟರ್ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು, ಮೂರು ಕಿಲೋಮೀಟರ್ ನಡೆದು, ಒಂದು ಗಿಡದ ಬುಡಕ್ಕೆ ಸುರಿದು ಬರುವುದು ಅಂಥ ದೊಡ್ಡ ಕೆಲಸವೇನಲ್ಲ ಎಂದು ನಾನೂ ಒಂದು ಕಾಲಕ್ಕೆ ತಿಳಿದಿದ್ದೆ. ಇಪ್ಪತ್ತಾರು ವರ್ಷ ಒಂಬತ್ತು, ಹತ್ತನೇ ತರಗತಿಗಳಿಗೆ ಸಂಧಿ ಸಮಾಸ ಕಲಿಸಿದವಳು ನಾನು. ಅದಕ್ಕಿಂತ ಕಷ್ಟದ್ದು ಲೋಕದಲ್ಲಿ ಇನ್ನೇನಿದ್ದೀತು ಎಂಬ ಧಿಮಾಕು ನನಗಿತ್ತು. ಮನೆಯಲ್ಲೂ ನನಗೆ ಹಟಮಾರಿ ಎಂಬ ಹೆಸರಿದೆ. ಒಮ್ಮೆ ಕುಕ್ಕರಿನ ಮುಚ್ಚಳ ಸಿಕ್ಕಿಕೊಂಡಾಗ ಅದನ್ನು ರಿಪೇರಿಗೆ ಒಯ್ಯಲು ಬಿಡದೆ ಎರಡು ದಿನ ಅದರ ಜೊತೆ ಕುಸ್ತಿ ಹಿಡಿದು ನಾನೇ ತೆಗೆದೆ. ಒಳಗಿದ್ದ ತೊಗರಿಬೇಳೆಯ ಗತಿ ಏನಾಗಿತ್ತು ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಇಂಥ ನನ್ನನ್ನು ಆ ಬರಗಾಲದ ಬೇಸಿಗೆಯಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ ಮೂರು ತಿಂಗಳು ಆಡಿಸಿತು. ಆ ಕಥೆಯನ್ನು ಹೇಳಿಬಿಡುತ್ತೇನೆ. ನಮ್ಮ ಮನೆಯವರು ಹೇಳಿದರೆ ಇನ್ನೂ ಉಪ್ಪು ಖಾರ ಹಚ್ಚಿ ಹೇಳುತ್ತಾರೆ.

ಮೊದಲು ಆ ಕಾಡಿನ ವಿಷಯ. ಬೀದರ ಊರಿನ ಹೊರಗೆ, ಗುಡ್ಡದ ಅಂಚಿನಲ್ಲಿ, ಅರಣ್ಯದವರು ಬೇಲಿ ಹಾಕಿ ಕಾಪಾಡಿಕೊಂಡು ಬಂದ ಒಂದು ವನವಿದೆ. ಬೇವು, ಕಕ್ಕೆ, ಸೀತಾಫಲ, ಮುತ್ತುಗ. ಅದರ ನಡುವೆ ಕೆಂಪು ಕಲ್ಲಿನ ಕಾಲುದಾರಿ. ನನಗೆ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ನಡೆಯಲು ಹೇಳಿದರು. ಪಕ್ಕದ ಮನೆಯ ಶಮೀಮ್ ಆಪಾಗೆ ಮೊಣಕಾಲು ನೋವು ಬಂದಾಗ ಅವರ ಡಾಕ್ಟರೂ ನಡೆಯಲು ಹೇಳಿದರು. ಶಮೀಮ್ ಆಪಾ ಇಡೀ ಓಣಿಯ ಬ್ಲೌಸು ಹೊಲಿಯುವವರು. ಹೊಲಿಗೆ ಮಷೀನಿನ ಮುಂದೆ ಕೂತು ಕೂತು ಕಾಲು ಹಿಡಿದಿತ್ತು. ಹೀಗೆ ಬೇರೆ ಬೇರೆ ಕಾಯಿಲೆಯ ನಾವಿಬ್ಬರು ಒಂದೇ ಔಷಧಕ್ಕೆ ಬೆಳಿಗ್ಗೆ ಆರಕ್ಕೆ ಹೊರಡತೊಡಗಿದೆವು. ಅಲ್ಲಿಗೆ ಬರುವವರ ದೊಡ್ಡ ದಂಡೇ ಇತ್ತು. ಆದರೆ ನಮ್ಮ ಕಡೆಯ ಜನ ನಡೆಯಲು ಬರುವುದು ಎಂದರೆ ಕೂಡಲು ಬರುವುದು. ಗೇಟಿನಿಂದ ನಾನೂರು ಹೆಜ್ಜೆಗೆ ಒಂದು ಸಿಮೆಂಟ್ ಬೆಂಚು ಇದೆ. ಎಲ್ಲರೂ ಅಲ್ಲಿಯವರೆಗೆ ವೀರಾವೇಶದಿಂದ ಬಂದು, ಕೂತು, ಒಬ್ಬರು ತಂದ ಚುರುಮುರಿ ಸುಸಲಾ ಇನ್ನೊಬ್ಬರು ತಂದ ಭಜಿ ತಿಂದು, ಯಾರ ಮಗಳಿಗೆ ಎಲ್ಲಿ ಮದುವೆ ಗೊತ್ತಾಯಿತು ಎಂದು ಮಾತಾಡಿ, ಆರೋಗ್ಯ ಸುಧಾರಿಸಿತೆಂದು ವಾಪಸಾಗುತ್ತಿದ್ದರು. ಬೆಂಚಿನ ಆಚೆ ದಾರಿ ಏರುತ್ತದೆ. ತುದಿಯಲ್ಲಿ ಒಂದು ಕಟ್ಟೆ, ಅಲ್ಲಿ ನಿಂತರೆ ಔರಾದ ಕಡೆಯ ಬಯಲೆಲ್ಲ ಕಾಣುತ್ತದೆ. ಅಲ್ಲಿಯವರೆಗೆ ಹೋಗುವವರು ನಾನು, ಆಪಾ ಮತ್ತು ನವಿಲುಗಳು. ನಾನು ಹೋಗುತ್ತಿದ್ದುದು ಹಟಕ್ಕೆ. ಆಪಾ ಬರುತ್ತಿದ್ದುದು ನನ್ನನ್ನು ಒಬ್ಬಳನ್ನೇ ಬಿಡಬಾರದೆಂದು.

ಬರಗಾಲದ ಹಿಂದಿನ ಮಳೆಗಾಲದಲ್ಲಿ, ಅಂದರೆ ಮಳೆಯೇ ಬಾರದ ಮಳೆಗಾಲದಲ್ಲಿ, ಈ ದಾರಿಯುದ್ದಕ್ಕೂ ಐವತ್ತು ಗಿಡ ನೆಡುವ ಕಾರ್ಯಕ್ರಮವಾಯಿತು. ನಡೆಯುವವರು ಒಬ್ಬೊಬ್ಬರು ಒಂದೊಂದು ಗಿಡ ನೆಡಬೇಕು, ಗಿಡದ ಮುಂದೆ ಅವರ ಹೆಸರಿನ ತಗಡಿನ ಬೋರ್ಡು. ಎಲ್ಲರೂ ಬುದ್ಧಿವಂತಿಕೆಯಿಂದ ಬೆಂಚಿನ ಸುತ್ತಮುತ್ತ ಜಾಗ ಹಿಡಿದರು. ಕೂತಲ್ಲಿಂದಲೇ ನೀರು ಚೆಲ್ಲಬಹುದು. ನಾನು ಮಾತ್ರ ತುದಿಯ ಕಟ್ಟೆಯ ಪಕ್ಕದ ಜಾಗ ಕೇಳಿದೆ. ನೋಟ ನೋಡಲು ಬಂದವರೆಲ್ಲ ಅಲ್ಲೇ ನಿಲ್ಲುತ್ತಾರೆ, ನೋಟದ ಜೊತೆ ನನ್ನ ಹೆಸರನ್ನೂ ನೋಡುತ್ತಾರೆ ಎಂಬುದು ನನ್ನ ಒಳ ಆಸೆ. ಹೊರಗೆ ಹೇಳಿದ್ದು ಬೇರೆ. ಅರಳಿ ಗಿಡ ಎತ್ತರದಲ್ಲಿ ಇರಬೇಕು, ಬುದ್ಧ ಕೂತ ಗಿಡ ಅದು, ನಮ್ಮ ಮನೆಯಲ್ಲಿ ಬುದ್ಧ ಪೂರ್ಣಿಮೆಗೆ ಅದರ ಎಲೆ ಬೇಕು ಎಂದೆಲ್ಲ ಭಾಷಣ ಮಾಡಿದೆ. ಮೇಲಿನ ಉಳಿದ ಹತ್ತು ಗಿಡಗಳನ್ನು ಅರಣ್ಯದವರೇ ನೆಟ್ಟರು. ನನ್ನ ಗಿಡದ ನಂಬರು ನಲವತ್ತೇಳು. ಬೋರ್ಡಿನ ಮೇಲೆ ‘ಶ್ರೀಮತಿ ಶಕುಂತಲಾ, ಶಿಕ್ಷಕಿ’ ಎಂದು ಹಳದಿ ಅಕ್ಷರ. ಭಾಲ್ಕಿಯ ಕಾಲೇಜೊಂದರಲ್ಲಿ ಗುಮಾಸ್ತರಾಗಿ ದಿನಾ ಬಸ್ಸಿನಲ್ಲಿ ಓಡಾಡುವ ನಮ್ಮ ಮನೆಯವರು ಸಂಜೆ ವರದಿ ಕೇಳಿ, “ನೀರ ಹಾಕ್ಲಾಕ ಅಷ್ಟು ದೂರ ಯಾರು ಹೋಗ್ತಾರ?” ಎಂದರು. “ನಾ ಹೋಗ್ತೇನಿ” ಎಂದೆ. ಆ ಒಂದು ಮಾತಿಗೆ ನಾನು ಸಿಕ್ಕಿಬಿದ್ದೆ.

ಮಾಘ ಬರುವಷ್ಟರಲ್ಲಿ ಬರಗಾಲ ಊರೊಳಗೇ ಬಂದು ಕೂತಿತು. ನಮ್ಮ ಓಣಿಗೆ ನಾಲ್ಕು ದಿನಕ್ಕೊಮ್ಮೆ ಟ್ಯಾಂಕರು. ಶಾಲೆಯಲ್ಲಿ ಬೆಂಚುಗಳು ಒಂದೊಂದಾಗಿ ಖಾಲಿಯಾಗತೊಡಗಿದವು. ವರ್ಗಾವಣೆ ಪತ್ರದ ಅರ್ಜಿಗಳಲ್ಲಿ ‘ಕಾರಣ’ ಎಂಬಲ್ಲಿ ಮಕ್ಕಳು ತಾವೇ ಬರೆಯುತ್ತಿದ್ದರು: ತಂದೆ ತಾಯಿ ಪುಣೆಗೆ, ತಂದೆ ತಾಯಿ ಹೈದರಾಬಾದಿಗೆ. ನಾನು ಆ ಅರ್ಜಿಗಳಲ್ಲಿ ಕಾಗುಣಿತ ತಿದ್ದಿ ಸಹಿ ಹಾಕುತ್ತಿದ್ದೆ. ತಿದ್ದಿದ್ದು ಯಾಕೋ ನನಗೇ ಗೊತ್ತಿಲ್ಲ, ಕೈಗೆ ಬೇರೆ ಕೆಲಸ ತೋಚುತ್ತಿರಲಿಲ್ಲ. ಅಂಥ ಒಂದು ಬೆಳಿಗ್ಗೆ ವನದ ಕಾವಲುಗಾರ ತುಕಾರಾಮ ನಮ್ಮನ್ನು ಬೆಂಚಿನ ಹತ್ತಿರ ತಡೆದ. ಔರಾದ ತಾಲೂಕಿನ ಚಿಂತಾಕಿಯವನು, ದಿನಗೂಲಿ ನೌಕರ. ಅವನ ಇಬ್ಬರು ಅಣ್ಣಂದಿರು ಆಗಲೇ ಪುಣೆಗೆ ಹೋಗಿದ್ದರು. ಅವನ ಮಗಳು ಸವಿತಾ ನನ್ನದೇ ತರಗತಿಯಲ್ಲಿ ಎರಡನೇ ಸಾಲಿನಲ್ಲಿ ಕೂಡುತ್ತಿದ್ದ, ಕೇಳದೆಯೇ ಉತ್ತರ ಹೇಳುವ ಹುಡುಗಿ.

“ಟೀಚರ್ರಿ, ಬ್ಯಾಸಗಿ ಕಡಿಕ ಸಾಹೇಬರು ಗಿಡ ಎಣಿಸ್ಲಾಕ ಬರ್ತಾರ,” ಎಂದ ತುಕಾರಾಮ. “ಗಿಡ ಜೀವ ಇದ್ರ ನಾ ಇಲ್ಲಿ ಇರ್ತೇನಿ. ಹೆಚ್ಚು ಕಡಿಮಿ ಆದ್ರ ನನಗೂ ಕೆಲಸಿಲ್ಲ. ಪುಣಾ ಗಾಡಿ ಹತ್ತಾದೇ. ನಾ ಒಬ್ಬವ ಎಷ್ಟಕಂತ ಕೊಡ ಹೊರ್ಲಿರಿ? ಬರೋರು ಒಂದೊಂದು ಬಾಟ್ಲಿ ನೀರ ತಂದ್ರ ಭಾಳ ಆಗ್ತದರಿ.”

ಸವಿತಾಳ ಅರ್ಜಿಯಲ್ಲಿ ಕಾಗುಣಿತ ತಿದ್ದುವ ಪ್ರಸಂಗ ನನಗೆ ಬೇಡವಾಗಿತ್ತು. ಅವಳ ಕಾಗುಣಿತದಲ್ಲಿ ತಿದ್ದಲು ಏನೂ ಇರುವುದೂ ಇಲ್ಲ. ಅಂದೇ ನಿಶ್ಚಯ ಮಾಡಿದೆ: ಏನೇ ಆಗಲಿ, ಎರಡು ದಿನಕ್ಕೊಮ್ಮೆ ತುಂಬಿದ ಬಾಟಲಿಯೊಂದು ನಲವತ್ತೇಳನೇ ಗಿಡಕ್ಕೆ ಮುಟ್ಟಲೇಬೇಕು.

ಮೊದಲ ದಿನ ಎರಡು ಲೀಟರಿನ ಬಾಟಲಿಯನ್ನು ಕೂಸಿನಂತೆ ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಬೆಂಚು ದಾಟಿ ಏರಿನ ಬುಡಕ್ಕೆ ಬಂದಾಗ ಅಲ್ಲಿ ಐದಾರು ಹೆಣ್ಣುಮಕ್ಕಳು ಗುದ್ದಲಿ ಹಿಡಿದು ಗುಂಡಿ ತೋಡುತ್ತಿದ್ದರು. ಮಳೆ ಬಂದರೆ ನೀರು ನಿಲ್ಲಲೆಂದು ತೆಗೆದ ಬರಗಾಲದ ಕಾಮಗಾರಿ. ಪುಣೆಗೆ ಹೋಗದೆ ಉಳಿದವರು. ನಸುಕಿಗೇ ಬಂದಿದ್ದರು. ಅವರಿಗೆ ನೀರಿನ ಟ್ಯಾಂಕರು ಬರುತ್ತಿದ್ದುದು ಹತ್ತು ಗಂಟೆಗೆ. ಒಬ್ಬಳು ಬೆನ್ನು ನೆಟ್ಟಗೆ ಮಾಡಿ, “ನಮಸ್ಕಾರ್ರಿ, ಎತ್ತ ಹೊಂಟೀರಿ?” ಎಂದಳು. ಅವಳು ನೀರು ಕೇಳಲಿಲ್ಲ. ಇದನ್ನು ನಾನು ಪ್ರಾಮಾಣಿಕವಾಗಿ ಹೇಳಬೇಕು. ನನ್ನ ಬಾಯೇ, ನನ್ನನ್ನು ಕೇಳದೆ, “ನೀರ ಕುಡೀರಿ” ಎಂದಿತು. ನನ್ನ ಕೈಯೇ ಬಾಟಲಿಯ ಮುಚ್ಚಳ ತಿರುಗಿಸಿತು. ತುದಿ ಮುಟ್ಟಿದಾಗ ಬಾಟಲಿಯಲ್ಲಿ ಇದ್ದದ್ದು ಗಾಳಿ ಮಾತ್ರ.

ಇದು ನನ್ನ ತಪ್ಪಲ್ಲ, ನಮ್ಮಜ್ಜಿಯ ತಪ್ಪು. ನನ್ನ ತವರೂರು ಸಂತಪುರದ ನಮ್ಮ ಓಣಿಯ ಮುಂದೆ ಹಾದುಹೋಗುವವರು, ನೆತ್ತಿ ಸುಡುವ ಬಿಸಿಲಿದ್ದರೂ, ನಮ್ಮ ಮನೆಯ ನೀರು ಮುಟ್ಟದ ಕಾಲವನ್ನು ಕಂಡವಳು ಅವಳು. ಬಾವಿಯ ಹತ್ತಿರ ನಿಂತು ಇನ್ನೊಬ್ಬರು ಮೇಲಿನಿಂದ ಸುರಿಯುವ ತನಕ ಕಾದವಳು. ಮುಂದೆ ಕಾಲ ಒಂದಿಷ್ಟು ಬದಲಾಗಿ, ನಮ್ಮ ಗೋಡೆಗೆ ಬುದ್ಧನ ಚಿತ್ರ ಬಂದು, ಮನೆಯಲ್ಲಿ ಸಾಲಿ ಕಲಿತವರಾಗಿ, ಜನ ನಮ್ಮ ಕಟ್ಟೆಯ ಮೇಲೆ ಕೂತು ನೀರು ಕುಡಿಯತೊಡಗಿದಾಗ ಅವಳಿಗೆ ಅದೇ ದಿನನಿತ್ಯದ ಹಬ್ಬವಾಯಿತು. ಯಾರು, ಎಲ್ಲಿಯವರು ಎಂದು ಕೇಳುವ ಮೊದಲೇ ತಾಮ್ರದ ತಂಬಿಗೆ ಮುಂದೆ ಬರುತ್ತಿತ್ತು. ಅಂಚೆಯವನು ತಂಬಿಗೆ ಎತ್ತಿ ಗಟಗಟ ಕುಡಿಯುವಾಗ ಎದುರಿಗೆ ಕೂತ ಅವಳ ಗಂಟಲೂ ಜೊತೆಗೆ ಆಡುತ್ತಿದ್ದುದನ್ನು ನಾನು ನೋಡಿದ್ದೇನೆ. “ಇನ್ನೊಂದೀಟು ಕುಡೀರಿ,” ಎಂದು ಅವಳು ಒತ್ತಾಯ ಮಾಡಿ ಮಾಡಿ, ನಮ್ಮೂರ ಅಂಚೆಯವನು ಪತ್ರವಿಲ್ಲದ ದಿನ ನಮ್ಮ ಓಣಿಯನ್ನೇ ತಪ್ಪಿಸಿ ಸುತ್ತು ಹಾಕಿ ಹೋಗುತ್ತಿದ್ದ. ಆ ಅಜ್ಜಿಯ ಮೊಮ್ಮಗಳು ನಾನು. ನನ್ನ ಕೈಯಿಂದ ಒಬ್ಬರು ನೀರು ಕುಡಿದರೆ ಇಂದಿಗೂ ನನಗೆ ಎದೆ ತುಂಬುತ್ತದೆ. ಇಂಥ ಎದೆ ಇಟ್ಟುಕೊಂಡು ಗಿಡಕ್ಕೆ ನೀರು ಒಯ್ಯುವುದು ಬಹಳ ಕಷ್ಟ.

ಆದರೂ ನಾನು ಸೋಲೊಪ್ಪಲಿಲ್ಲ. ಎರಡು ಬಾಟಲಿ ಒಯ್ದೆ, ಒಂದು ಜನಕ್ಕೆ, ಒಂದು ಗಿಡಕ್ಕೆ. ಏರಿನ ಬುಡದಲ್ಲಿ ಒಂದು ಮುಗಿಯಿತು. ನಡುದಾರಿಯಲ್ಲಿ ಕುರಿ ಹುಡುಕಿಕೊಂಡು ಬಂದ ಒಬ್ಬ ಮುದುಕ ಸಿಕ್ಕ, ಎರಡನೆಯದೂ ಮುಗಿಯಿತು. ಕುರಿ ಸಿಗದಿದ್ದರೂ ನೀರು ಸಿಕ್ಕಿತೆಂದು ಅವನು ಹರಸಿದ. ಇನ್ನೊಂದು ದಿನ ಯಾರೂ ಕಾಣದಿರಲೆಂದು ದಾರಿ ಬಿಟ್ಟು ಮುಳ್ಳುಕಂಟಿಯ ನಡುವೆ ನುಗ್ಗಿದೆ. ಸೀರೆ ಹರಿಯಿತು, ಮೊಣಕೈ ತರಚಿತು. ಗುಂಡಿ ತೋಡುವ ಹೆಣ್ಣುಮಕ್ಕಳು ದೂರದಿಂದಲೇ ನೋಡಿ, ಟೀಚರು ದಾರಿ ತಪ್ಪಿದರೆಂದು ಗುದ್ದಲಿ ಬಿಸಾಕಿ ಓಡಿ ಬಂದು ನನ್ನನ್ನು ಹಿಡಿದು ದಾರಿಗೆ ತಂದರು. ಓಡಿ ಬಂದವರಿಗೆ ಬಾಯಾರಿಕೆ ಆಗುವುದಿಲ್ಲವೇ? ಅಂದು ಕೂಡ ಬಾಟಲಿ ಅಲ್ಲೇ ಬರಿದಾಯಿತು. ಅವರನ್ನು ತಪ್ಪಿಸಿ ಹೋಗಲು ನೋಡಿದ್ದಕ್ಕೆ ನನಗೆ ಎಷ್ಟು ನಾಚಿಕೆಯಾಯಿತೆಂದರೆ ಆ ವಾರವೆಲ್ಲ ಬೆಲ್ಲದ ತುಂಡೂ ಒಯ್ದು ಕೊಟ್ಟೆ.

ಶಮೀಮ್ ಆಪಾ ತಮ್ಮ ಬಾಟಲಿಯನ್ನಾದರೂ ಉಳಿಸಬಹುದಿತ್ತು. ಆದರೆ ಅವರ ಗಿಡ ಬೆಂಚಿನ ಪಕ್ಕದ್ದು. ಅದಕ್ಕೆ ನೀರು ಹಾಕಿ ಮುಗಿಸಿ, ಕೈ ಬೀಸಿಕೊಂಡು ನನ್ನ ಜೊತೆ ಏರುತ್ತಿದ್ದರು. “ಟೀಚರ್ರಿ, ನಿಮ್ ಗಿಡಕ್ಕಿಂತ ನಿಮ್ ಬಾಟ್ಲಿ ಜಾಸ್ತಿ ಬಿಸಲಾಗ ನಡೀತದ ನೋಡ್ರಿ,” ಎಂದು ನಗುತ್ತಿದ್ದರು. ಮನೆಯವರು ಸಂಜೆ ಭಾಲ್ಕಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ, “ಇವತ್ತ ಗಿಡಕ್ಕ ಹಾಕಿದ್ಯೋ, ಊರಿಗಿ ಹಾಕಿದ್ಯೋ?” ಎಂದು ಕೇಳುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತಿದ್ದೆ. ನಲವತ್ತೇಳನೇ ಗಿಡವೋ, ಮುಳ್ಳುಬೇಲಿಯ ನಡುವೆ ಎಲೆಯಿಲ್ಲದ ಒಂದು ಕಡ್ಡಿಯಾಗಿ ನಿಂತಿತ್ತು. ನಾನು ಖಾಲಿ ಬಾಟಲಿ ಹಿಡಿದು ಅದರ ಮುಂದೆ ಅಪರಾಧಿಯಂತೆ ನಿಲ್ಲುತ್ತಿದ್ದೆ. ತುಕಾರಾಮ ಹಿಂದಿನಿಂದ ಬಂದು, “ಜೀವ ಅದರಿ, ಜೀವ ಅದ. ನೀವು ಬರಾದ ಬಿಡಬ್ಯಾಡ್ರಿ,” ಎನ್ನುತ್ತಿದ್ದ. ಕಡ್ಡಿಗೆ ಇಷ್ಟು ಹಟವಿದ್ದರೆ ನನಗೆಷ್ಟಿರಬೇಕು ಎಂದುಕೊಂಡು ಇಳಿಯುತ್ತಿದ್ದೆ.

ವೈಶಾಖ ಮುಗಿಯುತ್ತ ಬಂದಾಗ, ನಾಳೆ ಎಣಿಸುವ ಸಾಹೇಬರು ಬರುತ್ತಾರೆಂಬ ಸುದ್ದಿ ಬಂತು. ಅಂದು ನನ್ನ ತಲೆಗೆ ಕೊನೆಯ ಉಪಾಯ ಹೊಳೆಯಿತು. ಕುಡಿಯುವ ನೀರು ಒಯ್ದರೆ ತಾನೆ ಕುಡಿಯಿರಿ ಎನ್ನುವುದು? ಕುಡಿಯಲು ಬಾರದ ನೀರನ್ನೇ ಒಯ್ದರೆ? ಬರಗಾಲದಲ್ಲಿ ನಾವು ಯಾವ ನೀರನ್ನೂ ಚೆಲ್ಲುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕಿ ತೊಳೆದ ನೀರು, ಅದೂ ಮೊದಲ ಸಲದ್ದು, ಬೆಳ್ಳಗೆ ಬಗ್ಗಡವಾಗಿದ್ದದ್ದು, ಎರಡು ಲೀಟರಿನ ಬಾಟಲಿಗೆ ತುಂಬಿದೆ. ಗುಂಡಿ ತೋಡುವವರಿಗೆ ಬೇರೆ ಒಳ್ಳೆಯ ನೀರನ್ನು ಆಪಾ ಕೈಯಲ್ಲಿ ಕೊಟ್ಟೆ. ಏರಿನ ಬುಡದಲ್ಲಿ ಆಪಾ ನೀರು ಕುಡಿಸುವಾಗ ನಾನು ನನ್ನ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮುಂದೆ ನಡೆದೆ. ಮೊದಲ ಬಾರಿಗೆ ತುಂಬಿದ ಬಾಟಲಿ ಅರ್ಧ ದಾರಿ ದಾಟಿತು. ನನ್ನ ಹೆಜ್ಜೆಗೆ ಬೇರೆಯೇ ಬಿರುಸು ಬಂತು.

ತಿರುವಿನಲ್ಲಿ ಒಂದು ಕಲ್ಲಿನ ಮೇಲೆ ಸಾಹೇಬರು ಕೂತಿದ್ದರು. ದಕ್ಷಿಣದ ಕಡೆಯವರು, ಏಳಕ್ಕೇ ಚುರುಗುಟ್ಟುವ ನಮ್ಮ ಬಿಸಿಲು ಅವರಿಗೆ ಹೊಸದು. ಮುಖ ಕೆಂಪಾಗಿ ಕರವಸ್ತ್ರ ತೊಯ್ದು ಹೋಗಿತ್ತು. ಎದುರಿಗೆ ತುಕಾರಾಮ ಕೈ ಕಟ್ಟಿಕೊಂಡು ನಿಂತಿದ್ದ. ಸಾಹೇಬರು ತೊಡೆಯ ಮೇಲಿನ ಪಟ್ಟಿ ನೋಡುತ್ತ, “ನಲವತ್ತರಿಂದ ಐವತ್ತು ಮೇಲಿವೆ ಅಲ್ವೇನಪ್ಪಾ? ಈ ಬಿಸಿಲಿಗೆ ಅವೆಲ್ಲ ಒಣಗೇ ಇರುತ್ವೆ ಬಿಡು. ಸತ್ತಿವೆ ಅಂತ ಇಲ್ಲೇ ಬರ್ಕೊಳ್ತೀನಿ,” ಎಂದರು. ಕೆಳಗೆ ಆಗಲೇ ಬಹಳಷ್ಟು ಗಿಡ ಹೋಗಿದ್ದವು. ಬೆಂಚಿನ ಬುದ್ಧಿವಂತರು ಸುಸಲಾ ತಂದಷ್ಟು ನೀರು ತಂದಿರಲಿಲ್ಲ. ಮೇಲಿನ ಹನ್ನೊಂದೂ ಹೋದರೆ ತುಕಾರಾಮನ ಲೆಕ್ಕ ಮುಗಿದಂತೆ. “ಇಲ್ಲರಿ ಸಾಹೇಬ್ರ, ಜೀವ ಅವಾರಿ, ಒಂದು ಸಲ ಹತ್ತಿ ನೋಡ್ರಿ,” ಎಂದು ಅವನು ಅಂದದ್ದು ಕಲ್ಲಿಗೂ ಕೇಳಿಸುವಂತಿರಲಿಲ್ಲ. ಪೆನ್ನು ಕಾಗದಕ್ಕೆ ಇಳಿಯಿತು.

ನಾನು ಏನಾದರೂ ಹೇಳಬೇಕಿತ್ತು. ಸರ್, ಹಾಗೆ ಬರೆಯಬೇಡಿ, ಒಂದು ಹುಡುಗಿಯ ಓದಿನ ಪ್ರಶ್ನೆ ಎಂದು ಹೇಳಬೇಕಿತ್ತು. ಆದರೆ ಬೆವರುವ ಮನುಷ್ಯನನ್ನು ಕಂಡದ್ದೇ ತಡ, ನನ್ನ ಬಾಯಿ ತನ್ನ ಹಳೆಯ ಪಾಠ ಒಪ್ಪಿಸಿತು: “ನೀರ ಕುಡೀರಿ ಸರ್.” ಕೈ ಬಾಟಲಿ ಚಾಚಿಯೇ ಬಿಟ್ಟಿತು. ಅದು ಏನೆಂದು ನನಗೆ ನೆನಪಾಗುವಷ್ಟರಲ್ಲಿ ಅವರು ತಲೆ ಹಿಂದಕ್ಕೆ ಮಾಡಿ ಮುಕ್ಕಾಲು ಭಾಗ ಇಳಿಸಿದ್ದರು. ಆಗಷ್ಟೇ ಬಂದು ಮುಟ್ಟಿದ ಆಪಾ ದುಪಟ್ಟಾದ ತುದಿಯನ್ನು ಬಾಯಿಗೆ ತುರುಕಿಕೊಂಡು ಗಿಡವೊಂದರ ಕಡೆ ತಿರುಗಿ ನಿಂತರು. ಅವರ ಭುಜ ಕುಣಿಯುತ್ತಿತ್ತು. ಸಾಹೇಬರು ಉಸಿರು ಬಿಟ್ಟು, ತುಟಿ ಒರೆಸಿಕೊಂಡು, ಪ್ರೀತಿಯಿಂದ ನನ್ನ ಕಡೆ ನೋಡಿ, “ಮಜ್ಜಿಗೆ ತುಂಬಾ ಚೆನ್ನಾಗಿದೆ ಮೇಡಂ. ಉಪ್ಪು ಮಾತ್ರ ಸ್ವಲ್ಪ ಕಮ್ಮಿ,” ಎಂದರು.

“ಮುಂದಿನ ಸಲ ಹಾಕ್ತೇನಿ ಸರ್,” ಎಂದೆ. ಶಿಕ್ಷಕಿಯಾಗಿ ನಾನು ಹೇಳಿದ ಸುಳ್ಳುಗಳಲ್ಲಿ ಇದೇ ದೊಡ್ಡದು.

ಸಾಹೇಬರು ಪೆನ್ನು ಜೇಬಿಗಿಟ್ಟು ಎದ್ದು ನಿಂತರು. “ಇಷ್ಟು ವಯಸ್ಸಾದ ಮೇಡಂ ಹತ್ತುತ್ತಾರೆ, ನಾನು ಹತ್ತದಿದ್ದರೆ ಹೇಗೆ? ನಡಿಯಪ್ಪಾ,” ಎಂದರು. ಆ ‘ಇಷ್ಟು ವಯಸ್ಸಾದ’ ಎಂಬುದನ್ನು ನಾನು ಸವಿತಾಳ ಸಲುವಾಗಿ ನುಂಗಿಕೊಂಡೆ. ಮೇಲೆ ಒಂದೊಂದು ಗಿಡದ ಹತ್ತಿರ ಕೂತು ಅವರು ಹೆಬ್ಬೆರಳ ಉಗುರಿನಿಂದ ತೊಗಟೆ ಕೆರೆದರು. ಒಳಗೆ ಹಸಿರಿದ್ದರೆ ಜೀವವಿದೆ, ಕಂದಾಗಿದ್ದರೆ ಇಲ್ಲ. ನಲವತ್ತು ಹಸಿರು. ನಲವತ್ತೊಂದು ಹಸಿರು. ತುಕಾರಾಮ ಹೊತ್ತ ಕೊಡಗಳೆಲ್ಲ ಅಲ್ಲಿ ಕಾಣುತ್ತಿದ್ದವು. ನಲವತ್ತೇಳಕ್ಕೆ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಅರೆಗಣ್ಣಲ್ಲಿ ನೋಡಿದರೆ ತುಕಾರಾಮ ನನಗಿಂತ ಹೆಚ್ಚು ಹೆದರಿ ಆಕಾಶ ನೋಡುತ್ತಿದ್ದ. ಸಾಹೇಬರು ಕೆರೆದರು, ಬಗ್ಗಿ ನೋಡಿದರು. “ಹಸಿರಾಗಿದೆ! ಒಳ್ಳೇ ಗಟ್ಟಿ ಗಿಡ ಮೇಡಂ ನಿಮ್ಮದು,” ಎಂದು ಗುರುತು ಹಾಕಿದರು. ಆ ಸಂಭ್ರಮದಲ್ಲಿ ಗಿಡಕ್ಕೆ ಸುರಿಯಲು ನಾನು ಮರೆತ, ಬಾಟಲಿಯ ತಳದಲ್ಲಿ ಉಳಿದಿದ್ದ ನಾಲ್ಕು ಗುಟುಕನ್ನೂ ಅವರು ಇಳಿಯುವಾಗ ಕೇಳಿ ಇಸಿದುಕೊಂಡು ಕುಡಿದರು. ತುಕಾರಾಮನ ಕೆಲಸ ಉಳಿಯಿತು. ಜೂನಿನಲ್ಲಿ ಶಾಲೆ ಶುರುವಾದಾಗ ಸವಿತಾ ಹತ್ತನೇ ತರಗತಿಯ ಎರಡನೇ ಸಾಲಿನಲ್ಲಿ ಕೂತು, ನಾನು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳಿದಳು. ನನಗೆ ಕಣ್ಣು ತುಂಬಿ ಬಂತು. ತಪ್ಪು ಉತ್ತರವಾಗಿದ್ದರೂ ಶಾಭಾಸ್ ಎಂದೆ.

ಆ ವರ್ಷ ಮಳೆ ತಡವಾಗಿಯಾದರೂ ಬಂತು. ಒಂದು ವಾರ ಹೊಡೆದ ಮೇಲೆ ಬಿಸಿಲು ಬಿದ್ದ ಬೆಳಿಗ್ಗೆ, ಆಪಾಗೆ ಹೊಲಿಗೆಯ ಗಡಿಬಿಡಿ ಇದ್ದುದರಿಂದ, ನಾನೊಬ್ಬಳೇ ಬಾಟಲಿ ತುಂಬಿಕೊಂಡು ಹೊರಟೆ. ಮಳೆ ಬಂದ ಮೇಲೆ ಯಾಕೆ ಎಂದು ಕೇಳಬೇಡಿ, ಹಟಕ್ಕೆ ಯಾವ ಕಾಲವೂ ಇಲ್ಲ. ಗುಂಡಿ ತೋಡುವವರು ಹೊಲದ ಕೆಲಸಕ್ಕೆ ಹೋಗಿದ್ದರು, ಗುಂಡಿಗಳಲ್ಲಿ ಕೆಂಪು ನೀರು ನಿಂತಿತ್ತು. ದಾರಿಯಲ್ಲಿ ಒಬ್ಬರಿಗೂ ಬಾಯಾರಿಕೆ ಇರಲಿಲ್ಲ. ನಾಲ್ಕಾರು ಜನಕ್ಕೆ ನೀರು ಕುಡೀರಿ ಎಂದೆ, ಬ್ಯಾಡ್ರಿ ಎಂದರು. ಬಾಟಲಿ ತುಂಬಿದ್ದು ತುಂಬಿದಂತೆಯೇ ತುದಿ ಮುಟ್ಟಿತು. ಗೆದ್ದೆನೆಂಬ ಹೆಮ್ಮೆಯಿಂದ ಬೇಲಿಯೊಳಗೆ ಬಗ್ಗಿದೆ. ಕಡ್ಡಿ ಚಿಗುರಿತ್ತು. ಆದರೆ ಎಲೆಗಳು ಮೂರು ಮೂರು, ದುಂಡಗೆ, ಊಟದ ಪತ್ರಾಳಿ ಹಚ್ಚುವ ಎಲೆಯಂಥವು. ಅರಳಿ ಎಲೆಗೆ ಇರುವ ಬಾಲ ಎಲ್ಲೂ ಇಲ್ಲ. ನಾನು ಬೋರ್ಡು ನೋಡಿದೆ, ನನ್ನದೇ ಹೆಸರು. ಎಲೆ ನೋಡಿದೆ, ಮುತ್ತುಗ.

ಹಿಂದೆ ತುಕಾರಾಮ ನಿಂತಿದ್ದ. “ಇದು ಏನಪಾ?” ಎಂದೆ.

“ನಿಮ್ದು ಮಾಘದಾಗೇ ಒಣಗಿ ಹೋಯ್ತುರಿ,” ಎಂದ, ಕಾಲ ಬೆರಳಿಂದ ನೆಲ ಕೆರೆಯುತ್ತ. “ಬಾಜೂಕ ಈ ಮುತ್ತಲ ಬುಡ ತಾನೇ ಎದ್ದಿತ್ತುರಿ. ಇದಕ್ಕ ಯಾರೂ ನೀರ ಹಾಕಬೇಕಿಲ್ಲ, ಬರಗಾಲಕ್ಕೂ ಸಾಯಂಗಿಲ್ಲ. ಬೋರ್ಡ ಕಿತ್ತಿ ಇದರ ಮುಂದ ನೆಟ್ಟಿನ್ರಿ, ಬೇಲಿ ಹಾಕಿನ್ರಿ. ಗಿಡ ಸತ್ತದ ಅಂದ್ರ ನೀವು ಬರಾದ ಬಿಡ್ತಿದ್ರಿ. ನೀವು ಬಿಟ್ರ ಆ ಗುಂಡಿ ಹೆಣ್ಮಕ್ಳಿಗಿ ಹತ್ತರ ತನಕ ಬಾಯಾಗ ಹನಿ ನೀರಿಲ್ಲ. ಹೇಳ್ಳಾಕ ಮನಸಾಗಲಿಲ್ರಿ.” ಆಮೇಲೆ ಸ್ವಲ್ಪ ಧೈರ್ಯ ಬಂದು, “ಸಾಹೇಬರು ಉಗುರು ಹಚ್ಚಿದಾಗ ನನ ಜೀವ ನನ್ನ ಕಡಿ ಇರಲಿಲ್ರಿ. ನಿಮ್ಮ ಮಜ್ಜಿಗಿ ಕಾಪಾಡ್ತು,” ಎಂದ.

ಮಜ್ಜಿಗೆಯ ನಿಜ ಅವನಿಗೆ ನಾನು ಹೇಳಲಿಲ್ಲ, ಗಿಡದ ನಿಜ ಅವನು ನನಗೆ ಹೇಳಿರಲಿಲ್ಲ. ಲೆಕ್ಕ ಸರಿಹೋಯಿತು. ಮೂರು ತಿಂಗಳು ನಾನು ಯಾವ ಗಿಡದ ಮುಂದೆ ತಪ್ಪಿತಸ್ಥಳಾಗಿ ನಿಂತಿದ್ದೆನೋ ಅದಕ್ಕೆ ನನ್ನ ನೀರಿನ ಗರಜೇ ಇರಲಿಲ್ಲ. ಬೇಕಿದ್ದವರು ಕುಡಿದು ಹೋಗಿದ್ದರು. ಅಜ್ಜಿ ಇದ್ದಿದ್ದರೆ ನಕ್ಕು, ಇನ್ನೊಂದು ತಂಬಿಗೆ ತುಂಬುತ್ತಿದ್ದಳು. ತುಕಾರಾಮನಿಗೆ ಬಾಟಲಿ ಚಾಚಿ, ನೀರು ಕುಡಿ ಎಂದೆ. ಈಗಷ್ಟೇ ಕುಡಿದೆ ಎಂದು ಅವನೂ ಒಲ್ಲೆ ಅಂದ. ನೆಲ ನೋಡಿದೆ, ಕಾಲಿಟ್ಟರೆ ಕೆಸರು. ತುಂಬಿದ ಬಾಟಲಿಯೊಂದು ಕೊನೆಗೂ ನಲವತ್ತೇಳನೇ ನಂಬರು ಮುಟ್ಟಿತ್ತು, ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಏರು ಹತ್ತಿ ನನಗೇ ಗಂಟಲು ಒಣಗಿತ್ತು. ಕಟ್ಟೆಯ ಮೇಲೆ, ‘ಶ್ರೀಮತಿ ಶಕುಂತಲಾ, ಶಿಕ್ಷಕಿ’ ಎಂಬ ಹಳದಿ ಅಕ್ಷರದ ಪಕ್ಕದಲ್ಲೇ ಕೂತು, ಎರಡೂ ಲೀಟರ್ ನಾನೇ ಕುಡಿದೆ.

ಸಂಜೆ ಮನೆಯವರು ಚಪ್ಪಲಿ ಬಿಡುತ್ತ, “ಇವತ್ತ ಗಿಡಕ್ಕ ಮುಟ್ಟಿತೋ ಇಲ್ಲೋ?” ಎಂದು ಕೇಳಿದರು. “ಬೋರ್ಡಿನ ಮ್ಯಾಲ ಯಾರ ಹೆಸರ ಅದ, ಅವರಿಗೇ ಮುಟ್ಟಿತು,” ಎಂದು ಹೇಳಿ, ಮೊದಲ ಬಾರಿಗೆ ತಲೆ ಎತ್ತಿಕೊಂಡು ಒಳಗೆ ಹೋದೆ.